ಮುಂದಿನ ಮೆಟ್ಟಿಲು: ಹೊಳೆಯಾಚೆಯ ವಿಶ್ವವಿದ್ಯಾನಿಲಯ

ಕ್ರಿಸ್‌ಮಸ್ ರಜೆ ಮುಗಿದು ಶಾಲೆಗಳು ಮತ್ತೆ ತೆರೆದಿವೆ. ಹತ್ತನೆಯ ತರಗತಿಯ ಮಕ್ಕಳಿಗೆ ಮಾರ್ಚ್ ತಿಂಗಳ ಚಿಂತೆ, ಪ್ಲಸ್ ಟು ಮಕ್ಕಳಿಗೆ ಮಾರ್ಚ್‌ನ ಚಿಂತೆಯ ಜೊತೆಗೆ ಅದರ ನಂತರದ ಚಿಂತೆ. ಈ ದಿನಗಳಲ್ಲಿ ರಕ್ಷಕ-ಶಿಕ್ಷಕ ಸಂಘದ ಸಭೆಯಿರಲಿ, ಜಾತ್ರೆಯ ಗದ್ದೆಯಿರಲಿ, ಸಹಕಾರಿ ಬ್ಯಾಂಕಿನ ಸಾಲಿರಲಿ, ಎದುರಾದವರು ಕೇಳುವ ಪ್ರಶ್ನೆ ಒಂದೇ: “ಮಾಸ್ಟ್ರೇ, ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಿಗೆ ಮುಂದೆ ಏನುಂಟು?” ಕೇಳುವವರ ದನಿಯಲ್ಲಿ ಅರ್ಧ ಆತಂಕ, ಇನ್ನರ್ಧ ಪಶ್ಚಾತ್ತಾಪ. ಪಶ್ಚಾತ್ತಾಪಕ್ಕೆ ಕಾರಣವಿಲ್ಲವೆಂದು ನಾನು ಈ ಅಂಕಣದಲ್ಲಿ ಹಲವು ಸಲ ಬರೆದಿದ್ದೇನೆ. ಆತಂಕಕ್ಕೆ ಮಾತ್ರ ಕಾರಣವುಂಟು. ಅವಕಾಶಗಳಿಲ್ಲವೆಂದಲ್ಲ, ಇರುವ ಅವಕಾಶಗಳ ಸುದ್ದಿ ನಮ್ಮ ಮನೆಗಳಿಗೆ ತಡವಾಗಿ ತಲಪುತ್ತದೆ.

ಈ ವಾರ ಒಂದು ವಿಶ್ವವಿದ್ಯಾನಿಲಯವನ್ನು ಕೇಂದ್ರವಾಗಿಟ್ಟುಕೊಂಡು ಬರೆಯುತ್ತೇನೆ. ಅದು ನಮ್ಮ ಜಿಲ್ಲೆಯಲ್ಲೇ ಇದೆ. ಆದರೂ ನಮ್ಮವರಲ್ಲಿ ಅನೇಕರಿಗೆ ಅದು ದೂರದ ಊರು.

ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯವು 2009ರ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಕಾನೂನಿನ ಪ್ರಕಾರ ಹುಟ್ಟಿದ ಸಂಸ್ಥೆ. ಮೊದಲಿಗೆ ವಿದ್ಯಾನಗರದ ಬಳಿ ಬಾಡಿಗೆ ಕಟ್ಟಡದಲ್ಲಿ ತರಗತಿಗಳು ನಡೆದವು, ಕೆಲವು ವಿಜ್ಞಾನ ವಿಭಾಗಗಳು ಪಡನ್ನಕ್ಕಾಡಿನಲ್ಲಿದ್ದವು. ಈಗ ಪೆರಿಯದ ತೇಜಸ್ವಿನಿ ಹಿಲ್ಸ್ ಎಂಬ ಹೆಸರಿನ ಗುಡ್ಡದಲ್ಲಿ ಸ್ವಂತ ಆವರಣವಿದೆ. ಕಾಸರಗೋಡಿನಿಂದ ಚೆರ್ಕಳಕ್ಕೆ ಬಂದು, ತೆಕ್ಕಿಲ್‌ನಲ್ಲಿ ಚಂದ್ರಗಿರಿ ಹೊಳೆಯನ್ನು ದಾಟಿ, ಚಟ್ಟಂಚಾಲ್, ಪೊಯಿನಾಚಿ ಕಳೆದರೆ ಪೆರಿಯ. ಹಳೆಯ ದೊಡ್ಡ ವಿಶ್ವವಿದ್ಯಾನಿಲಯಗಳ ಮುಂದೆ ಇದು ಚಿಕ್ಕದು. ತರಗತಿಗಳು ಚಿಕ್ಕವು, ಅಧ್ಯಾಪಕರಿಗೆ ವಿದ್ಯಾರ್ಥಿಯ ಹೆಸರು ಗೊತ್ತಿರುತ್ತದೆ. ಹಳ್ಳಿಯ ಶಾಲೆಯಿಂದ ಹೋದ ಮಗುವಿಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ಆ ಹೊಳೆಯೊಂದು ಮನಸ್ಸಿನಲ್ಲೂ ಹರಿಯುತ್ತಿದೆ. ಚಂದ್ರಗಿರಿಯ ಉತ್ತರಕ್ಕಿರುವ ನಮ್ಮ ಕನ್ನಡ ಕುಟುಂಬಗಳು ಓದಿಗೆ, ಆಸ್ಪತ್ರೆಗೆ, ಮದುವೆಯ ಜವಳಿಗೆ ಮುಖ ಮಾಡುವುದು ಮಂಗಳೂರಿನ ಕಡೆಗೆ. 1956ರ ನವೆಂಬರ್ 1ರ ಮೊದಲು ನಾವೆಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆಯವರಾಗಿದ್ದೆವು, ಆ ರೂಢಿ ತಪ್ಪಲ್ಲ. ಹಾಗೆಂದು ದಕ್ಷಿಣಕ್ಕೆ ಬೆನ್ನು ಹಾಕಿ ಕುಳಿತರೆ ನಷ್ಟ ಯಾರಿಗೆ? ಈ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ವಿಭಾಗವೇ ಇದೆ, ಕನ್ನಡ ಎಂ.ಎ. ತರಗತಿ ನಡೆಯುತ್ತಿದೆ. ಕೇರಳದ ನೆಲದಲ್ಲಿ, ಕೇಂದ್ರ ಸರಕಾರದ ಖರ್ಚಿನಲ್ಲಿ, ಕನ್ನಡಕ್ಕೆ ಒಂದು ಸ್ನಾತಕೋತ್ತರ ಪೀಠ ದೊರೆತಿದೆ ಎಂಬುದನ್ನು ನಮ್ಮ ಹಿರಿಯರು ಕೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ! ಅಲ್ಲಿನ ಪೀಠಗಳು ನಮ್ಮ ಮಕ್ಕಳಿಂದ ತುಂಬದಿದ್ದರೆ ಮುಂದೊಂದು ದಿನ ವಿಭಾಗ ಏಕೆ ಬೇಕೆಂಬ ಪ್ರಶ್ನೆ ಏಳುವುದು ಸಹಜ.

ಕನ್ನಡ ಎಂ.ಎ. ಮಾಡಬಯಸುವವರಿಗೆ ಕಾಸರಗೋಡು ಸರಕಾರಿ ಕಾಲೇಜೂ ಇದೆ. 1957ರಲ್ಲಿ ಆರಂಭವಾದ ಆ ಕಾಲೇಜಿನ ಕನ್ನಡ ವಿಭಾಗ ಈ ನಾಡಿನ ಎಷ್ಟೋ ಅಧ್ಯಾಪಕರನ್ನು, ಲೇಖಕರನ್ನು ರೂಪಿಸಿದೆ. ಇಂದು ಅದು ಕಣ್ಣೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು, ಅಲ್ಲಿ ಕನ್ನಡ ಬಿ.ಎ.ಯೂ ಎಂ.ಎ.ಯೂ ಇವೆ. ಅಲ್ಲಿ ಬಿ.ಎ. ಮುಗಿಸಿ ಪೆರಿಯಕ್ಕೆ ಹೋಗುವುದು, ಇಲ್ಲವೇ ಅಲ್ಲೇ ಮುಂದುವರಿಯುವುದು, ಎರಡೂ ಒಳ್ಳೆಯ ದಾರಿಗಳೇ. ಇವೆರಡರ ಪ್ರವೇಶದ ಬಾಗಿಲುಗಳು ಮಾತ್ರ ಬೇರೆ ಬೇರೆ. ತೊಡಕು ಇರುವುದು ಅಲ್ಲಿಯೇ.

ಕೇಂದ್ರೀಯ ವಿಶ್ವವಿದ್ಯಾನಿಲಯದ ಎಂ.ಎ., ಎಂ.ಎಸ್ಸಿ. ತರಗತಿಗಳಿಗೆ ಅಂಕಪಟ್ಟಿ ಹಿಡಿದುಕೊಂಡು ಜೂನ್ ತಿಂಗಳಲ್ಲಿ ಹೋದರೆ ಪ್ರಯೋಜನವಿಲ್ಲ. ಅದಕ್ಕೆ ಸಿಯುಇಟಿ-ಪಿಜಿ ಎಂಬ ದೇಶವ್ಯಾಪಿ ಪ್ರವೇಶ ಪರೀಕ್ಷೆಯಿದೆ, ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯಾದ ಎನ್‌ಟಿಎ. ಕಳೆದ ವರ್ಷಗಳ ರೂಢಿಯಂತೆ ಡಿಸೆಂಬರ್-ಜನವರಿಯಲ್ಲಿ ಅರ್ಜಿ, ಮಾರ್ಚ್‌ನಲ್ಲಿ ಪರೀಕ್ಷೆ. ಅಂದರೆ ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿರುವಾಗಲೇ, ಅದರ ಪರೀಕ್ಷೆಗೂ ಮೊದಲು ಅರ್ಜಿ ಹಾಕಬೇಕು. ಎಪ್ಪತ್ತೈದು ಪ್ರಶ್ನೆಗಳು, ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಡಿತ.

ಇಲ್ಲಿ ಒಂದು ನೋವಿನ ಸಂಗತಿಯನ್ನು ಹೇಳಲೇಬೇಕು. ನನ್ನ ಪರಿಚಯದ ಮನೆಯ ಹುಡುಗನೊಬ್ಬ, ಹೆಸರು ಊರು ಬೇಡ, ಕನ್ನಡ ಎಂ.ಎ. ಓದಬೇಕೆಂದು ಈ ಪರೀಕ್ಷೆಗೆ ಅರ್ಜಿ ಹಾಕಿದ. ಅರ್ಜಿ ತುಂಬಿದ್ದು ಪೇಟೆಯ ಒಂದು ಅಂಗಡಿಯಲ್ಲಿ. ಕಂಪ್ಯೂಟರಿನ ಮುಂದೆ ಕುಳಿತವರು “ಭಾಷೆ ಯಾವುದು?” ಎಂದು ಕೇಳಿದರು, ಇವನು “ಕನ್ನಡ” ಎಂದ. ಅವರು ಮಾತೃಭಾಷೆಯ ಸಾಲಿನಲ್ಲಿ ಕನ್ನಡವೆಂದು ತುಂಬಿದರು, ಪರೀಕ್ಷೆಯ ವಿಷಯದ ಸಾಲಿನಲ್ಲಿ ಇನ್ನೇನನ್ನೋ ಆರಿಸಿದರು. ಪ್ರವೇಶಪತ್ರ ಬಂದಾಗಲೂ ಮನೆಯಲ್ಲಿ ಯಾರೂ ಆ ಸಾಲನ್ನು ಓದಲಿಲ್ಲ. ಪರೀಕ್ಷಾ ಕೇಂದ್ರದಲ್ಲಿ ಪರದೆ ತೆರೆದಾಗ ಕನ್ನಡ ಸಾಹಿತ್ಯದ ಬದಲು ಬೇರೆ ಪ್ರಶ್ನೆಗಳು. ಹುಡುಗ ಬರೆದು ಬಂದ, ಆ ಅಂಕದಿಂದ ಕನ್ನಡ ವಿಭಾಗಕ್ಕೆ ಸೇರುವಂತಿರಲಿಲ್ಲ. ಆ ವರ್ಷ ಅವನು ಅಡಿಕೆ ಸುಲಿಯುವ ಕೆಲಸಕ್ಕೆ ಹೋದ. ಮಾರನೆಯ ವರ್ಷ ಮತ್ತೆ ಬರೆಯುವೆನೆಂದಿದ್ದವನು ಬರೆಯಲಿಲ್ಲ. ಅವನ ತಾಯಿ ನನ್ನೊಡನೆ, “ನಮಗೆ ಓದಲಿಕ್ಕೆ ಬರುವ ಭಾಷೆಯಲ್ಲಿ ಆ ಕಾಗದ ಇರಲಿಲ್ಲ ಮಾಸ್ಟ್ರೇ” ಎಂದಾಗ ನನಗೆ ಉತ್ತರ ಹೊಳೆಯಲಿಲ್ಲ. ಅವರು ಕನ್ನಡ ಪತ್ರಿಕೆಯನ್ನು ತಪ್ಪದೆ ಓದುವವರು. ಈ ಅಂಕಣವನ್ನು ಹಿಂದೆಯೇ ಬರೆದಿದ್ದರೆ ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ.

ಆದ್ದರಿಂದ ವಿನಂತಿ: ಅರ್ಜಿಯನ್ನು ಯಾರೇ ತುಂಬಲಿ, ಹಣ ಕಟ್ಟುವ ಮೊದಲು ಅದರ ಒಂದು ಪ್ರತಿಯನ್ನು ಅಚ್ಚು ಹಾಕಿಸಿ, ಶಾಲೆಯ ಅಥವಾ ಕಾಲೇಜಿನ ಒಬ್ಬ ಅಧ್ಯಾಪಕರಿಗೆ ತೋರಿಸಿರಿ. ಪರೀಕ್ಷೆಯ ವಿಷಯವೆಂಬ ಸಾಲಿನಲ್ಲಿ ಕನ್ನಡವಿದೆಯೇ? ಪ್ರಶ್ನೆಪತ್ರಿಕೆಯ ಭಾಷೆಯೆಂಬ ಸಾಲು, ಮಾತೃಭಾಷೆಯೆಂಬ ಸಾಲು, ವಿಷಯವೆಂಬ ಸಾಲು, ಈ ಮೂರೂ ಬೇರೆ ಬೇರೆ ಎಂಬುದನ್ನು ನೆನಪಿಡಿರಿ. ಅರ್ಜಿ ತಿದ್ದಲು ಎನ್‌ಟಿಎ ಕೆಲವೇ ದಿನಗಳ ಅವಧಿ ನೀಡುತ್ತದೆ, ಅದು ಕಳೆದ ಮೇಲೆ ಯಾರ ಕಾಲು ಹಿಡಿದರೂ ಆಗದು. ಇನ್ನೊಂದು ಮಾತು, ಪರೀಕ್ಷೆಯ ಅಂಕ ಬಂದೊಡನೆ ಸೀಟು ಬರುವುದಿಲ್ಲ. ಅಂಕ ಪ್ರಕಟವಾದ ಬಳಿಕ ವಿಶ್ವವಿದ್ಯಾನಿಲಯದಲ್ಲಿಯೇ ಪ್ರತ್ಯೇಕವಾಗಿ ಹೆಸರು ನೋಂದಾಯಿಸಬೇಕು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದು, ಕರೆ ಬರುವುದೆಂದು ಕಾಯುತ್ತಾ ಕುಳಿತು ಅವಕಾಶ ಕಳಕೊಂಡವರೂ ಇದ್ದಾರೆ.

ಪ್ಲಸ್ ಟು ಮುಗಿಸುವವರಿಗೆ ಇರುವುದು ಸಿಯುಇಟಿ-ಯುಜಿ. 2022ರಲ್ಲಿ ಆರಂಭವಾದ ಈ ಪರೀಕ್ಷೆಯನ್ನು ಹದಿಮೂರು ಭಾಷೆಗಳಲ್ಲಿ ಬರೆಯಬಹುದು, ಅವುಗಳಲ್ಲಿ ಕನ್ನಡವೂ ಒಂದು. ಅರ್ಜಿ ಸಾಧಾರಣವಾಗಿ ಪ್ಲಸ್ ಟು ಪರೀಕ್ಷೆಯ ಆಸುಪಾಸಿನಲ್ಲಿ, ಪರೀಕ್ಷೆ ಮೇ ತಿಂಗಳಲ್ಲಿ. ಪೆರಿಯದಲ್ಲಿ ಬಹುಕಾಲ ಸ್ನಾತಕೋತ್ತರ ತರಗತಿಗಳೇ ಪ್ರಧಾನವಾಗಿದ್ದವು, ಈಚೆಗೆ ಪದವಿ ತರಗತಿಗಳೂ ಸೇರಿವೆ. ನಮ್ಮ ಮಕ್ಕಳು ವಿಶೇಷವಾಗಿ ಗಮನಿಸಬೇಕಾದದ್ದು ನಾಲ್ಕು ವರ್ಷದ ಸಂಯೋಜಿತ ಅಧ್ಯಾಪಕ ಶಿಕ್ಷಣ. ಪ್ಲಸ್ ಟು ಆದ ಮೇಲೆ ನೇರವಾಗಿ ಸೇರಿ, ನಾಲ್ಕು ವರ್ಷದಲ್ಲಿ ಪದವಿಯನ್ನೂ ಬಿ.ಎಡ್. ಅನ್ನೂ ಒಟ್ಟಿಗೆ ಪಡೆಯಬಹುದು. ಭೌತಶಾಸ್ತ್ರ, ಪ್ರಾಣಿಶಾಸ್ತ್ರ, ಇಂಗ್ಲಿಷ್, ಅರ್ಥಶಾಸ್ತ್ರ, ವಾಣಿಜ್ಯ ವಿಷಯಗಳಲ್ಲಿ ಇದು ಅಲ್ಲಿದೆ. ಪ್ರವೇಶಕ್ಕೆ ಎನ್‌ಸಿಇಟಿ ಎಂಬ ಬೇರೆಯೇ ಪರೀಕ್ಷೆ, ಅದನ್ನೂ ಕನ್ನಡದಲ್ಲಿ ಬರೆಯುವ ಅವಕಾಶವಿದೆ.

ಅಧ್ಯಾಪಕ ಶಿಕ್ಷಣವನ್ನು ಏಕೆ ಒತ್ತಿ ಹೇಳುತ್ತೇನೆಂದರೆ, ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾದರೆಂದು ನಮ್ಮ ಮಕ್ಕಳೂ ರಕ್ಷಕರೂ ಗೇಟಿನ ಮುಂದೆ ಕುಳಿತ ದಿನಗಳು ಎಲ್ಲರಿಗೂ ನೆನಪಿವೆ. ಆ ಪ್ರತಿಭಟನೆಗಳು ನ್ಯಾಯವಾದವು. ಆದರೆ ನ್ಯಾಯದ ಇನ್ನೊಂದು ಮಗ್ಗುಲೂ ಉಂಟು. ಕನ್ನಡದಲ್ಲಿ ಗಣಿತವನ್ನೋ ಭೌತಶಾಸ್ತ್ರವನ್ನೋ ಕಲಿಸಬಲ್ಲ, ಬಿ.ಎಡ್. ಆಗಿರುವ, ಕೆ-ಟೆಟ್ ಪಾಸಾದ ಅಭ್ಯರ್ಥಿಗಳು ನಮ್ಮಲ್ಲಿ ಸಾಕಷ್ಟು ಇರಬೇಕು. ಕೇರಳ ಪಬ್ಲಿಕ್ ಸರ್ವಿಸ್ ಕಮಿಷನ್ ಕಾಸರಗೋಡು ಜಿಲ್ಲೆಗೆಂದೇ ಕನ್ನಡ ಮಾಧ್ಯಮದ ಎಲ್.ಪಿ., ಯು.ಪಿ., ಹೈಸ್ಕೂಲು ಅಧ್ಯಾಪಕ ಹುದ್ದೆಗಳನ್ನು ಪ್ರತ್ಯೇಕವಾಗಿ ಕರೆಯುತ್ತದೆ, ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಗುಮಾಸ್ತರ ಹುದ್ದೆಯನ್ನೂ ಕರೆಯುತ್ತದೆ. ಹುದ್ದೆಗೆ ತಕ್ಕ ಅಭ್ಯರ್ಥಿ ಸಿಗಲಿಲ್ಲವೆಂಬ ಮಾತು ಒಮ್ಮೆ ಕಡತದಲ್ಲಿ ಬಿದ್ದರೆ, ಅದನ್ನು ಅಳಿಸುವುದು ಎಷ್ಟು ಕಷ್ಟವೆಂಬುದು ಸರಕಾರಿ ಕಚೇರಿ ಕಂಡವರಿಗೆ ಗೊತ್ತು. ಎಲ್.ಪಿ., ಯು.ಪಿ. ಅಧ್ಯಾಪಕರಾಗಬಯಸುವವರಿಗೆ ಮಾಯಿಪ್ಪಾಡಿಯ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ ಹತ್ತಿರದಲ್ಲೇ ಇದೆ. ಇಂದು ಒಂಬತ್ತನೆಯಲ್ಲಿ ಓದುವ ಮಗು ಅಧ್ಯಾಪಕನಾಗಿ ಬರಲು ಸುಮಾರು ಏಳೆಂಟು ವರ್ಷ ಬೇಕು. ಇಂದು ಒಂದನೆಯ ತರಗತಿಯಲ್ಲಿರುವ ಮಗು ಆಗ ಹೈಸ್ಕೂಲಿನಲ್ಲಿರುತ್ತದೆ.

ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಡೆ ನೋಡುವವರಿಗೆ ಒಂದು ಎಚ್ಚರಿಕೆ. ನೀಟ್ ಮತ್ತು ಜೆಇಇ ಮೇನ್ ಪರೀಕ್ಷೆಗಳೂ ಹದಿಮೂರು ಭಾಷೆಗಳಲ್ಲಿ ನಡೆಯುತ್ತವೆ, ಕನ್ನಡವೂ ಅದರಲ್ಲಿದೆ. ಆದರೆ ಪ್ರಾದೇಶಿಕ ಭಾಷೆಯ ಪ್ರಶ್ನೆಪತ್ರಿಕೆ ಆಯಾ ರಾಜ್ಯದ ಕೇಂದ್ರಗಳಲ್ಲಿ ಮಾತ್ರ ಎಂಬುದು ಈ ವರೆಗಿನ ನಿಯಮ. ಕನ್ನಡ ಪತ್ರಿಕೆ ಬೇಕಾದರೆ ಕರ್ನಾಟಕದ ಕೇಂದ್ರವನ್ನೇ ಆರಿಸಬೇಕು. ಭಾಷೆಯ ನಕ್ಷೆಯನ್ನೂ ರಾಜ್ಯದ ನಕ್ಷೆಯನ್ನೂ ಒಂದೇ ಎಂದು ಭಾವಿಸುವ ದಿಲ್ಲಿಯ ಮೇಜಿಗೆ ಕಾಸರಗೋಡು ಕಾಣುವುದಿಲ್ಲ. ಇದು ಬದಲಾಗಬೇಕೆಂದು ಬರೆಯುವುದು, ಮನವಿ ಕೊಡುವುದು ನಮ್ಮ ಸಂಘಟನೆಗಳ ಕೆಲಸ. ಬದಲಾಗುವ ತನಕ ಮಂಜೇಶ್ವರ, ಉಪ್ಪಳದ ಮಕ್ಕಳು ಮಂಗಳೂರನ್ನು ಆರಿಸಿದರೆ ಬಹಳ ತೊಂದರೆಯಿಲ್ಲ. ಪ್ಲಸ್ ಟು ಪಾಠಗಳನ್ನು ಇಂಗ್ಲಿಷಿನಲ್ಲಿ ಓದಿದ ಮಕ್ಕಳು ಪರೀಕ್ಷೆಗೆ ಮಾತ್ರ ಕನ್ನಡವನ್ನು ಆರಿಸಬೇಕೋ ಎಂಬುದು ಇನ್ನೊಂದು ಪ್ರಶ್ನೆ. ಕನ್ನಡದ ಪತ್ರಿಕೆಯಲ್ಲಿ ಇಂಗ್ಲಿಷ್ ಪಾಠವೂ ಜೊತೆಗಿರುತ್ತದೆ, ಎರಡರಲ್ಲಿ ಭೇದ ಬಂದರೆ ಇಂಗ್ಲಿಷೇ ಪ್ರಮಾಣ. ಪಾರಿಭಾಷಿಕ ಪದಗಳನ್ನು ಕನ್ನಡದಲ್ಲಿ ಕೇಳಿ ಅಭ್ಯಾಸವಿಲ್ಲದ ಮಗುವನ್ನು ಬರೀ ಅಭಿಮಾನಕ್ಕಾಗಿ ಒತ್ತಾಯಿಸಬೇಡಿರಿ. ಹಳೆಯ ಪ್ರಶ್ನೆಪತ್ರಿಕೆಗಳು ಎರಡೂ ಭಾಷೆಗಳಲ್ಲಿ ಸಿಗುತ್ತವೆ, ಒಂದೊಂದನ್ನು ಬರೆಸಿ ನೋಡಿ ತೀರ್ಮಾನಿಸಬಹುದು.

ಪ್ರಮಾಣಪತ್ರಗಳ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಹಿಂದುಳಿದ ವರ್ಗದ ಮೀಸಲಾತಿಗೆ ಕೇಂದ್ರೀಯ ವಿಶ್ವವಿದ್ಯಾನಿಲಯ ಕೇಳುವುದು ಕೇಂದ್ರ ಸರಕಾರದ ನಮೂನೆಯ ನಾನ್ ಕ್ರೀಮಿ ಲೇಯರ್ ಪ್ರಮಾಣಪತ್ರ. ರಾಜ್ಯದ ಉಪಯೋಗಕ್ಕೆ ಗ್ರಾಮ ಕಚೇರಿಯಿಂದ ಪಡೆದದ್ದು ಅಲ್ಲಿ ನಡೆಯುವುದಿಲ್ಲ. ಕೇಂದ್ರದ್ದು ತಹಶೀಲ್ದಾರರ ಸಹಿಯಲ್ಲಿ ಬರಬೇಕು. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕುವಾಗಲೇ “ಕೇಂದ್ರದ ಉಪಯೋಗಕ್ಕೆ” ಎಂದು ಸ್ಪಷ್ಟವಾಗಿ ಹೇಳಿರಿ. ಹೆಸರಿನ ಅಕ್ಷರ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲೂ ಆಧಾರ್‌ನಲ್ಲೂ ಒಂದೇ ರೀತಿ ಇರಬೇಕು. ನಮ್ಮಲ್ಲಿ ಮನೆತನದ ಹೆಸರು ಒಂದು ಕಡೆ ಇದ್ದು ಇನ್ನೊಂದು ಕಡೆ ಬಿಟ್ಟುಹೋಗುವುದು ಸಾಮಾನ್ಯ. ಕಚೇರಿಗಳಿಗೆ ಕನ್ನಡದಲ್ಲಿ ಅರ್ಜಿ ಬರೆಯಲು ಸಂಕೋಚ ಬೇಡ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೇರಳದ ಅಧಿಕೃತ ಭಾಷಾ ಕಾನೂನೇ ನಮಗೆ ಕೊಟ್ಟಿದೆ.

ಕನ್ನಡ ವಿಭಾಗದ ಹೊರತಾಗಿ ಪೆರಿಯದಲ್ಲಿ ಸಸ್ಯವಿಜ್ಞಾನ, ಪರಿಸರ ವಿಜ್ಞಾನ, ಭೂವಿಜ್ಞಾನ, ಜೀನೋಮಿಕ್ ವಿಜ್ಞಾನ, ಸಮಾಜಕಾರ್ಯ, ಭಾಷಾವಿಜ್ಞಾನ, ಸಾರ್ವಜನಿಕ ಆರೋಗ್ಯ ಮುಂತಾದ ವಿಭಾಗಗಳಿವೆ. ಪಾಠ ಇಂಗ್ಲಿಷಿನಲ್ಲಿ. ಇವುಗಳಲ್ಲಿ ನಮ್ಮ ಮಕ್ಕಳಿಗೆ ಬೇರೆಯವರಿಗಿಲ್ಲದ ಒಂದು ಬಲವಿದೆ ಎಂಬುದನ್ನು ಗಮನಿಸಿರಿ. ಎಣ್ಮಕಜೆ ಪಂಚಾಯತಿನ ಪಡ್ರೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಥೆ ಲೋಕಕ್ಕೇ ಗೊತ್ತು. ಅಲ್ಲಿ ಮನೆಮನೆಗೆ ಹೋಗಿ ಆರೋಗ್ಯದ ವಿವರ ಸಂಗ್ರಹಿಸಬೇಕಾದರೆ ಕನ್ನಡ, ತುಳು, ಮರಾಠಿ ಬೇಕು. ದೂರದಿಂದ ಬಂದ ಸಂಶೋಧಕ ದುಭಾಷಿಯನ್ನು ಹುಡುಕುತ್ತಾನೆ. ನಮ್ಮ ಹುಡುಗಿಗೆ ಅಂಗಳದಲ್ಲಿ ಕುಳಿತು ಅಜ್ಜಿಯೊಡನೆ ನೇರವಾಗಿ ಮಾತಾಡಲು ಬರುತ್ತದೆ. ಹಳದಿ ಎಲೆ ರೋಗವೋ ಕೊಳೆರೋಗವೋ ತಗಲಿದ ಅಡಿಕೆ ತೋಟದಲ್ಲಿ ಬೆಳೆದ ಹುಡುಗ ಸಸ್ಯವಿಜ್ಞಾನ ಓದಿದರೆ ಅವನಿಗೆ ಪ್ರಶ್ನೆಗಳನ್ನು ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಕೂಡ್ಲಿನ ತೋಟಬೆಳೆಗಳ ಸಂಶೋಧನಾ ಕೇಂದ್ರ 1916ರಲ್ಲಿ ತೆಂಗಿನ ಸಂಶೋಧನೆಗೆಂದು ಸ್ಥಾಪನೆಯಾದದ್ದು, ಶತಮಾನ ದಾಟಿದೆ. ಅದರ ಬೇಲಿಯಾಚೆ ಬಸ್ಸಿನಲ್ಲಿ ದಿನವೂ ಹೋಗುವ ನಮ್ಮ ಎಷ್ಟು ಮಕ್ಕಳು ಒಳಗೆ ಕಾಲಿಟ್ಟಿದ್ದಾರೆ?

ಇದಕ್ಕೆ ಈ ಎರಡು ತಿಂಗಳು ಒಳ್ಳೆಯ ಸಮಯ. ಫೆಬ್ರವರಿ 21 ಅಂತಾರಾಷ್ಟ್ರೀಯ ಮಾತೃಭಾಷಾ ದಿನ, ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಇಂಥ ದಿನಗಳಲ್ಲಿ ವಿಶ್ವವಿದ್ಯಾನಿಲಯಗಳೂ ಸಂಶೋಧನಾ ಸಂಸ್ಥೆಗಳೂ ಕಾರ್ಯಕ್ರಮ ಇಟ್ಟುಕೊಳ್ಳುವುದು ವಾಡಿಕೆ. ಮುಖ್ಯೋಪಾಧ್ಯಾಯರು ಮುಂಚಿತವಾಗಿ ಒಂದು ಪತ್ರ ಬರೆದು, ಎಂಟು-ಒಂಬತ್ತನೆಯ ತರಗತಿಯ ಮಕ್ಕಳನ್ನು ಒಂದು ದಿನ ಪೆರಿಯಕ್ಕೆ ಕರೆದುಕೊಂಡು ಹೋಗಬಾರದೇಕೆ? ಮೈಸೂರಿಗೆ ಪ್ರವಾಸ ಹೋಗುವ ಬಸ್ಸು ಪೆರಿಯಕ್ಕೂ ಹೋಗುತ್ತದೆ, ಖರ್ಚು ಬಹಳ ಕಡಿಮೆ. ಗ್ರಂಥಾಲಯದ ಕಪಾಟಿನಲ್ಲಿ ಕನ್ನಡ ಪುಸ್ತಕಗಳನ್ನು ಕಂಡ ಮಗು ಆ ಜಾಗವನ್ನು ಹೊರಗಿನವರದೆಂದು ಭಾವಿಸುವುದಿಲ್ಲ. ಹತ್ತನೆಯವರನ್ನು ಮಾತ್ರ ಈಗ ಓದಲು ಬಿಡಿರಿ.

ಹಣದ ಮಾತು. ಪ್ಲಸ್ ಟುವಿನಲ್ಲಿ ತನ್ನ ವಿಭಾಗದ ಮೇಲಿನ ಶೇಕಡಾ 20ರೊಳಗೆ ಬಂದ, ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ರೂಪಾಯಿ ಮೀರದ ಮಕ್ಕಳಿಗೆ ಕೇಂದ್ರದ ವಿದ್ಯಾರ್ಥಿವೇತನವುಂಟು: ಪದವಿಯಲ್ಲಿ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000 ರೂಪಾಯಿ. ಪದವಿಗೆ ಸೇರಿದ ಬಳಿಕ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು, ಪ್ರತಿ ವರ್ಷ ನವೀಕರಿಸಬೇಕು. ಎಂ.ಎ.ಯ ನಂತರ ಯುಜಿಸಿ-ನೆಟ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಕನ್ನಡ ಅದರಲ್ಲಿ ಒಂದು ವಿಷಯ. ಅದರಲ್ಲಿ ಜೆಆರ್‌ಎಫ್ ದೊರೆತರೆ ಸಂಶೋಧನೆಗೆ ತಿಂಗಳಿಗೆ 37,000 ರೂಪಾಯಿ. ಕನ್ನಡ ಓದಿದರೆ ಹೊಟ್ಟೆಗೆ ಏನು ಎಂದು ಕೇಳುವ ಮಾವಂದಿರಿಗೆ ಈ ಅಂಕಿಯನ್ನು ಹೇಳಬಹುದು. ಸುಲಭದ ಪರೀಕ್ಷೆಯಲ್ಲ ಎಂಬುದನ್ನೂ ಹೇಳಬೇಕು.

ಮಂಗಳೂರಿನ ದಾರಿಯನ್ನು ಮುಚ್ಚಿರೆಂದು ನಾನು ಹೇಳುತ್ತಿಲ್ಲ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಎಸ್‌ವಿಪಿ ಕನ್ನಡ ಅಧ್ಯಯನ ಸಂಸ್ಥೆಯಿದೆ, ಮಂಜೇಶ್ವರದವರಿಗೆ ಪೆರಿಯಕ್ಕಿಂತ ಅದೇ ಹತ್ತಿರ. ಕರ್ನಾಟಕದ ಸಿಇಟಿಯಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಕನ್ನಡ, ತುಳು ಮಾತೃಭಾಷೆಯ ಮಕ್ಕಳಿಗೆ ಗಡಿನಾಡ ಕನ್ನಡಿಗರೆಂಬ ನೆಲೆಯಲ್ಲಿ ಅರ್ಹತೆಯಿದೆ. ಅದಕ್ಕೆ ವಾಸ, ಓದಿದ ವರ್ಷಗಳು ಮತ್ತು ಮಾತೃಭಾಷೆಯ ದಾಖಲೆ ಬೇಕು, ಸಿಇಟಿಯ ಜೊತೆಗೆ ಒಂದು ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ಊಟದ ಎಲೆಯ ತುದಿಯ ಉಪ್ಪಿನಷ್ಟು ಸುಲಭ. ಆದರೂ 2020ರ ಮಾರ್ಚ್‌ನಲ್ಲಿ ತಲಪಾಡಿಯ ದಾರಿಗೆ ಮಣ್ಣು ಬಿದ್ದಾಗ ದಿನವೂ ಗಡಿ ದಾಟಿ ಓದಲು ಹೋಗುತ್ತಿದ್ದ ಮಕ್ಕಳು ಮನೆಯಲ್ಲೇ ಉಳಿಯಬೇಕಾಯಿತು. ಎರಡು ದಾರಿಗಳನ್ನು ಅರಿತಿರುವುದು ಒಳ್ಳೆಯದೆಂದು ಅಂದೇ ಅನಿಸಿತ್ತು.

ಕೊನೆಗೆ ಒಂದು ಪತ್ರಕ್ಕೆ ಉತ್ತರ. ಪೆರ್ಲದ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ: ಮಗಳಿಗೆ ಮಲಯಾಳ ಮಾತಾಡಲು ಅಷ್ಟಾಗಿ ಬರುವುದಿಲ್ಲ, ಪೆರಿಯದಲ್ಲಿ ಒಬ್ಬಂಟಿಯಾಗುವಳೇ ಎಂದು. ಅಮ್ಮಾ, ಅದು ಕೇಂದ್ರೀಯ ವಿಶ್ವವಿದ್ಯಾನಿಲಯ, ಒಡಿಶಾದಿಂದಲೂ ರಾಜಸ್ಥಾನದಿಂದಲೂ ಮಕ್ಕಳು ಬರುತ್ತಾರೆ, ಅವರಿಗೂ ಮಲಯಾಳ ಬರುವುದಿಲ್ಲ. ನಿಮ್ಮ ಮಗಳು ಬಸ್ಸಿನ ಬೋರ್ಡು ಓದುವಷ್ಟಾದರೂ ಕಲಿತಿರುತ್ತಾಳೆ. ಹಾಸ್ಟೆಲಿನ ಅರ್ಜಿಯನ್ನು ಪ್ರವೇಶ ಸಿಕ್ಕ ದಿನವೇ ಕೊಡಿರಿ. ಸಿಯುಇಟಿ ಅರ್ಜಿಯ ಪ್ರತಿಯನ್ನು ನನಗೆ ಕಳುಹಿಸಿದರೆ ಆ ಮೂರು ಸಾಲುಗಳನ್ನು ನೋಡಿ ಮರುದಿನವೇ ಉತ್ತರಿಸುತ್ತೇನೆ. ಈ ಮಾತು ಉಳಿದ ಓದುಗರಿಗೂ ಅನ್ವಯಿಸುತ್ತದೆ. ಪತ್ರಿಕೆಯ ಕಚೇರಿಗೆ ಕಳುಹಿಸಿರಿ, ಹಣ ಕಟ್ಟುವ ಮೊದಲು.